ಶಾಲೆಯಲ್ಲಿ ಮಗುವಿನ ಹಕ್ಕು ಕೇಳುವುದು ಹೇಗೆ: ಮಲೆನಾಡಿನ ತಂದೆತಾಯಂದಿರಿಗೊಂದು ಮಾರ್ಗದರ್ಶಿ

ಮಗಳು ಮೂರನೇ ಕ್ಲಾಸಿನಲ್ಲಿದ್ದಾಗಿನ ಮಾತು. ಜುಲೈ ತಿಂಗಳು, ಪುನರ್ವಸು ಮಳೆ ಹಿಡಿದಿತ್ತು. ಹೊಸನಗರ ಕಡೆಯ ನಮ್ಮೂರ ಶಾಲೆಯಲ್ಲಿ ಅವಳ ಕೋಣೆಗೆ ತಗಡಿನ ಮಾಡು. ಬೆಳಿಗ್ಗೆ ಮರೆತು ಹೋಗಿದ್ದ ಕೊಡೆ ಕೊಡಲು ಹೋದವಳು ಬಾಗಿಲಲ್ಲೇ ನಿಂತೆ. ಟೀಚರ್ ಉಕ್ತಲೇಖನ ಕೊಡುತ್ತಿದ್ದರು. ಎರಡೂ ಕಿವಿ ನೆಟ್ಟಗಿರುವ ನನಗೇ ಹತ್ತು ಪದದಲ್ಲಿ ನಾಲ್ಕು ತಿಳಿಯಲಿಲ್ಲ. ಎರಡೂ ಕಿವಿಗೆ ಮಷೀನು ಹಾಕಿಕೊಂಡ ನನ್ನ ಮಗಳು ಮೂರನೇ ಸಾಲಿನಲ್ಲಿ ಕೂತು, ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಿದ್ದಳು. ಫೆಬ್ರವರಿಯಲ್ಲಿ ಹತ್ತಕ್ಕೆ ಎಂಟು ತೆಗೆದಿದ್ದ ಮಗುವಿಗೆ ಅವತ್ತು ಬಂದದ್ದು ಎರಡು.

ಅದೇ ವಾರ ಶಾಲೆಯಿಂದ ಮಾತು ಬಂತು: "ಇವಳಿಗೆ ಓದು ಹತ್ತುವುದಿಲ್ಲ, ಕಿವುಡರ ಶಾಲೆಗೆ ಸೇರಿಸಿಬಿಡಿ."

ಅದಾದ ಮೇಲೆ ಎರಡು ವರ್ಷ ನಾನು ಬಾಯಲ್ಲೇ ಕೇಳಿದೆ. ದಯವಿಟ್ಟು ಮುಂದೆ ಕೂರಿಸಿ, ದಯವಿಟ್ಟು ಸ್ವಲ್ಪ ಗಮನ ಕೊಡಿ. ಆಯ್ತಮ್ಮ ಅನ್ನುತ್ತಿದ್ದರು; ಮರುವಾರ ಮತ್ತೆ ಮೂರನೇ ಸಾಲು. ಐದನೇ ಕ್ಲಾಸಿನಲ್ಲಿ ಮೊದಲ ಸಲ ಒಂದು ಪುಟದ ಅರ್ಜಿ ಬರೆದು, ಇನ್ನೊಂದು ಪ್ರತಿಗೆ ಸಹಿ ಹಾಕಿಸಿಕೊಂಡು ಬಂದೆ. ಹನ್ನೊಂದು ದಿನದಲ್ಲಿ ಅವಳ ಕೋಣೆ ಬದಲಾಯಿತು. ತಗಡಿನ ಕೋಣೆಯಿಂದ ಹೆಂಚಿನ ಕೋಣೆಗೆ. ಅದಕ್ಕೆ ಖರ್ಚಾದದ್ದು ಎರಡು ಹಾಳೆ.

ಈಗ ಅವಳು ಎಂಟನೇ ಕ್ಲಾಸು. ಈ ಮಧ್ಯೆ ಕಲಿತದ್ದನ್ನೆಲ್ಲ ನಮ್ಮ ಕಡೆಯ ತಂದೆತಾಯಂದಿರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಉದಾಹರಣೆಗಳು ಕಿವಿಯ ತೊಂದರೆಯವು. ನಡೆಯಲು ಕಷ್ಟವಿರುವ, ಕಣ್ಣು ಮಂದವಾದ, ಆಟಿಸಂ ಅಥವಾ ಕಲಿಕಾ ನ್ಯೂನತೆ ಇರುವ ಮಕ್ಕಳಿಗೂ ದಾರಿ ಇದೇ.

ಮೊದಲು ನೋಡಿ, ಬರೆದಿಡಿ

ಶಾಲೆಗೆ ಹೋಗುವ ಮುಂಚೆ ಎರಡು ವಾರ ಒಂದು ನೋಟ್‌ಬುಕ್ ಇಡಿ. ಮಗು ಎಲ್ಲಿ, ಯಾವಾಗ, ಯಾವುದರಲ್ಲಿ ಸೋಲುತ್ತದೆ ಎಂಬುದನ್ನು ತಾರೀಖು ಹಾಕಿ ಬರೆಯಿರಿ. "ಮಗುವಿಗೆ ಕಷ್ಟ ಆಗ್ತಿದೆ" ಎಂದರೆ ಶಾಲೆಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. "ಮಳೆ ಜೋರಾದ ದಿನ ಉಕ್ತಲೇಖನದಲ್ಲಿ ಎರಡು, ಮಳೆ ಇಲ್ಲದ ದಿನ ಎಂಟು" ಎಂದರೆ ತೊಂದರೆ ಮಗುವಿನದಲ್ಲ, ಮಾಡಿನದು ಎಂದು ಯಾರಿಗೂ ಕಾಣುತ್ತದೆ.

ಮಗುವನ್ನೇ ಕೇಳಿ. "ಶಾಲೆ ಹೇಗಿತ್ತು" ಎಂದರೆ "ಚೆನ್ನಾಗಿತ್ತು" ಎಂದು ಮುಗಿಸುತ್ತವೆ. ಇವತ್ತು ಊಟದ ಹೊತ್ತಿಗೆ ಯಾರ ಜೊತೆ ಕೂತೆ, ಶೌಚಾಲಯಕ್ಕೆ ಹೋದೆಯಾ, ಟೀಚರ್ ಹೇಳಿದ್ದರಲ್ಲಿ ಯಾವುದು ಗೊತ್ತಾಗಲಿಲ್ಲ ಎಂದು ಬಿಡಿಬಿಡಿಯಾಗಿ ಕೇಳಿ. ನಮಗೆ ಗೊತ್ತಿರುವ ಒಬ್ಬ ಹುಡುಗ ಕ್ಯಾಲಿಪರ್ (ಕಾಲಿಗೆ ಆಸರೆ ಕೊಡುವ ಸಲಕರಣೆ) ಹಾಕಿಕೊಂಡು ನಡೆಯುವವನು. ಶಾಲೆಯ ಶೌಚಾಲಯದ ಮೆಟ್ಟಿಲಲ್ಲಿ ಪಾಚಿ ಕಟ್ಟುತ್ತದೆ ಎಂದು ಬೆಳಿಗ್ಗೆಯಿಂದ ನೀರನ್ನೇ ಕುಡಿಯುತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ತಿಂಗಳುಗಟ್ಟಲೆ ಗೊತ್ತಾಗಿರಲಿಲ್ಲ.

ಪ್ರಮಾಣಪತ್ರ, ಯುಡಿಐಡಿ ಕಾರ್ಡು, ಮತ್ತು ಒಂದು ಫೈಲು

ಅಂಗವೈಕಲ್ಯ ಪ್ರಮಾಣಪತ್ರಕ್ಕೂ ಯುಡಿಐಡಿ ಕಾರ್ಡಿಗೂ (ಅಂಗವೈಕಲ್ಯ ಇರುವವರ ವಿಶಿಷ್ಟ ಗುರುತಿನ ಚೀಟಿ) ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಒಂದೇ ಅರ್ಜಿ. ಮೊಬೈಲಿನಲ್ಲೂ ಆಗುತ್ತದೆ; ನೆಟ್‌ವರ್ಕ್ ಸಿಗದ ಊರಾದರೆ ಗ್ರಾಮ ಒನ್ ಕೇಂದ್ರಕ್ಕೆ ಹೋಗಿ. ಅದಕ್ಕಿಂತ ಮೊದಲು ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹುಡುಕಿ. ಅವರ ಕೆಲಸವೇ ಇದು. ಹೆಚ್ಚಿನವರು ತಾವೇ ಅಂಗವೈಕಲ್ಯ ಇರುವವರಾದ್ದರಿಂದ ಯಾವ ಬಾಗಿಲು ಎಲ್ಲಿದೆ ಎಂದು ಅವರಿಗೆ ಗೊತ್ತಿರುತ್ತದೆ. ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ.

ತಪಾಸಣೆಗೆ ನಮ್ಮ ಜಿಲ್ಲೆಯವರು ಹೆಚ್ಚಾಗಿ ಹೋಗುವುದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ. ಯಾವ ದಿನ ಯಾವ ತಜ್ಞರು ನೋಡುತ್ತಾರೆ ಎಂದು ಕೇಳಿಕೊಂಡೇ ಹೊರಡಿ. ಬೆಳಗಿನ ಮೊದಲ ಬಸ್ಸಿಗೆ ಹೋಗಿ ಸಂಜೆ ಬರಿಗೈಲಿ ಬಂದರೆ ಒಂದು ದಿನದ ಕೂಲಿ, ಮಗುವಿನ ಒಂದು ದಿನದ ಶಾಲೆ ಎರಡೂ ಹೋದಂತೆ. ಮಕ್ಕಳಿಗೆ ಕೊಡುವ ಪ್ರಮಾಣಪತ್ರಕ್ಕೆ ಎಷ್ಟೋ ಸಲ ಅವಧಿ ಇರುತ್ತದೆ. ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಪ್ರಮಾಣಪತ್ರ ಬರುವ ತನಕ ಕಾಯಬೇಡಿ. ಮಗುವನ್ನು ಶಾಲೆಗೆ ಸೇರಿಸಲು ಅದು ಬೇಕಿಲ್ಲ. ಪ್ಲಾಸ್ಟಿಕ್ ಕವರಿನ ಒಂದು ಫೈಲು ಮಾಡಿ. ಮಳೆಗಾಲಕ್ಕೆ ಪ್ಲಾಸ್ಟಿಕ್ಕೇ ಆಗಬೇಕು. ಮಗಳ ಮೊದಲ ಆಡಿಯೋಗ್ರಾಂ (ಕಿವಿ ಪರೀಕ್ಷೆಯ ವರದಿ) ಬೂಷ್ಟು ಹಿಡಿದು ಓದಲಾಗದಂತೆ ಆಗಿತ್ತು. ಪ್ರಮಾಣಪತ್ರ, ವೈದ್ಯರ ಚೀಟಿಗಳು, ಅಂಕಪಟ್ಟಿ, ನೀವು ಕೊಟ್ಟ ಪ್ರತಿ ಅರ್ಜಿಯ ನಕಲು, ಶಾಲೆಯ ಉತ್ತರ, ಎಲ್ಲವೂ ತಾರೀಖಿನ ಕ್ರಮದಲ್ಲಿ ಅದರಲ್ಲಿರಲಿ. ಎಲ್ಲದರ ಫೋಟೋ ಮೊಬೈಲಿನಲ್ಲೂ ಇರಲಿ.

ಕಾಯ್ದೆ ಏನು ಹೇಳುತ್ತದೆ

ಎರಡು ಕಾಯ್ದೆ ಸಾಕು. ಮೊದಲನೆಯದು ಶಿಕ್ಷಣ ಹಕ್ಕು ಕಾಯ್ದೆ, 2009. 6ರಿಂದ 14 ವರ್ಷದ ಪ್ರತಿ ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಇದರಿಂದ ಬಂದದ್ದು. ಸೇರಿಸಿಕೊಳ್ಳಲು ಪರೀಕ್ಷೆ ಮಾಡುವಂತಿಲ್ಲ. 17ನೇ ಸೆಕ್ಷನ್ನಿನ ಪ್ರಕಾರ ಹೊಡೆಯುವಂತಿಲ್ಲ, ಮಾನಸಿಕವಾಗಿ ಹಿಂಸಿಸುವಂತಿಲ್ಲ. 2012ರ ತಿದ್ದುಪಡಿಯಲ್ಲಿ ತೀವ್ರ ಅಥವಾ ಬಹುವಿಧ ಅಂಗವೈಕಲ್ಯ ಇರುವ ಮಗು ಮನೆಯಲ್ಲೇ ಶಿಕ್ಷಣ ಪಡೆಯುವುದನ್ನು ಆರಿಸಿಕೊಳ್ಳಬಹುದು ಎಂದು ಸೇರಿಸಿದರು. ಆರಿಸಿಕೊಳ್ಳಬಹುದು ಎಂದಷ್ಟೇ ಅದರಲ್ಲಿರುವುದು. ಅದು ಮಗುವಿನ, ನಿಮ್ಮ ಆಯ್ಕೆ. "ಗೃಹಾಧಾರಿತ ಶಿಕ್ಷಣಕ್ಕೆ ಹಾಕಿಬಿಡೋಣ" ಎಂದು ಶಾಲೆಯೇ ತೀರ್ಮಾನಿಸಿ ಮನೆಗೆ ಕಳಿಸುವಂತಿಲ್ಲ.

ಎರಡನೆಯದು ವಿಕಲಚೇತನರ ಹಕ್ಕುಗಳ ಕಾಯ್ದೆ, 2016. ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. 21 ಬಗೆಯ ಅಂಗವೈಕಲ್ಯಗಳನ್ನು ಇದು ಪಟ್ಟಿ ಮಾಡುತ್ತದೆ. ಆಟಿಸಂ, ಕಲಿಕಾ ನ್ಯೂನತೆ, ಮಾತಿನ ತೊಂದರೆ, ಹೀಮೋಫೀಲಿಯಾ ಎಲ್ಲ ಅದರಲ್ಲಿವೆ. ನಿಮಗೆ ಹೆಚ್ಚು ಬೇಕಾಗುವುದು 16ನೇ ಸೆಕ್ಷನ್. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಕಟ್ಟಡ ಮಗುವಿಗೆ ಓಡಾಡಲು ಆಗುವಂತಿರಬೇಕು, ಆ ಮಗುವಿನ ಅಗತ್ಯಕ್ಕೆ ತಕ್ಕ ಸೂಕ್ತ ಹೊಂದಾಣಿಕೆ ಮಾಡಿಕೊಡಬೇಕು ಎನ್ನುತ್ತದೆ. ಮಾನ್ಯತೆ ಎಂಬ ಶಬ್ದವನ್ನು ಮರೆಯಬೇಡಿ. ಖಾಸಗಿ ಕಾನ್ವೆಂಟೂ ಮಾನ್ಯತೆ ಪಡೆದೇ ನಡೆಯುವುದು. "ನಮ್ಮದು ಪ್ರೈವೇಟ್, ನಮಗೆ ಅದೆಲ್ಲ ಬರಲ್ಲ" ಎನ್ನುವ ಮಾತು ನಿಲ್ಲುವುದಿಲ್ಲ.

ಶೇಕಡಾ 40ರ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ಪ್ರಮಾಣಪತ್ರದಲ್ಲಿ ಅಂಗವೈಕಲ್ಯ ಶೇ 40 ಅಥವಾ ಮೇಲ್ಪಟ್ಟು ಇದ್ದರೆ 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲೋ, ತಾನು ಆರಿಸಿದ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ (31ನೇ ಸೆಕ್ಷನ್), ಪುಸ್ತಕ, ಸಾಧನ ಸಲಕರಣೆ (17ನೇ ಸೆಕ್ಷನ್). ಆದರೆ 16ನೇ ಸೆಕ್ಷನ್ನಿನ ಸೂಕ್ತ ಹೊಂದಾಣಿಕೆಗೆ ಆ ಶೇಕಡಾ ಗೆರೆ ಇಲ್ಲ. ಪ್ರಮಾಣಪತ್ರದಲ್ಲಿ 30 ಎಂದಿದೆ, ಇನ್ನೇನೂ ಕೇಳುವ ಹಾಗಿಲ್ಲ ಎಂದು ಸುಮ್ಮನಾದ ತಾಯಂದಿರನ್ನು ಕಂಡಿದ್ದೇನೆ. ಅವರೂ ಕೇಳಬಹುದು. 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪರೀಕ್ಷೆ ಬರೆಯಲು ಸಹಾಯಕರನ್ನು ಕೊಡುವುದು ಶೇ 40ರ ಮೇಲಿನವರಿಗೆ ಮಾತ್ರ ಎಂಬ ವಾದವನ್ನು ಒಪ್ಪಲಿಲ್ಲ.

ಏನು ಕೇಳಬೇಕು

ಇದೇ ಎಲ್ಲಕ್ಕಿಂತ ಮುಖ್ಯ. ಕೇಳುವುದು ಸಣ್ಣದಾಗಿರಲಿ, ಖಚಿತವಾಗಿರಲಿ, ನಾಳೆಯೇ ಮಾಡಬಹುದಾದ್ದಾಗಿರಲಿ. "ವಿಶೇಷ ಗಮನ ಕೊಡಿ" ಎಂದು ಬರೆಯಲೇಬೇಡಿ. ಗಮನ ಕೊಟ್ಟರೋ ಇಲ್ಲವೋ ಅಳೆಯುವುದು ಹೇಗೆ?

ನಾವು ಕೇಳಿದ್ದು ಇವು. ಮಳೆಗಾಲದಲ್ಲಿ ತಗಡಿನ ಮಾಡಿಲ್ಲದ ಕೋಣೆ. ಮೊದಲ ಸಾಲು, ಕಿಟಕಿಯಿಂದ ದೂರ, ಟೀಚರ ಮುಖಕ್ಕೆ ಬೆಳಕು ಬೀಳುವ ಕಡೆ, ತುಟಿ ಕಾಣಬೇಕಲ್ಲ. ಬೋರ್ಡಿನ ಕಡೆ ತಿರುಗಿ ಬರೆಯುತ್ತಾ ಪಾಠ ಹೇಳಬಾರದು. ಬರೆದು, ತಿರುಗಿ, ಆಮೇಲೆ ಹೇಳಬೇಕು. ಮನೆಗೆಲಸ ಮತ್ತು ಪರೀಕ್ಷೆಯ ತಾರೀಖು ಬಾಯಲ್ಲಿ ಹೇಳುವುದರ ಜೊತೆ ಬೋರ್ಡಿನ ಮೇಲೂ ಬರಬೇಕು. ಉಕ್ತಲೇಖನವನ್ನು ಅವಳಿಗೆ ಹತ್ತಿರ ನಿಂತು ಇನ್ನೊಮ್ಮೆ ಓದಬೇಕು. ಮಷೀನಿನ ಒಂದು ಜೊತೆ ಬ್ಯಾಟರಿ ಟೀಚರ ಡ್ರಾಯರಿನಲ್ಲಿರಬೇಕು.

ಮಷೀನಿನ ಬಗ್ಗೆ ಇನ್ನೊಂದೆರಡು ಮಾತು, ಇದು ನಮ್ಮ ಕಡೆಗೇ ಇರುವ ತಾಪತ್ರಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಗಾಳಿಯೇ ಒದ್ದೆ. ಕಿವಿಯಚ್ಚಿನ ಸಣ್ಣ ಕೊಳವೆಯೊಳಗೆ ಹನಿ ಕಟ್ಟಿ ಸದ್ದು ನಿಂತುಹೋಗುತ್ತದೆ. ಮಗು ಹೇಳುವುದಿಲ್ಲ, ಸುಮ್ಮನೆ ಕೂತಿರುತ್ತದೆ. ದಿನಾ ರಾತ್ರಿ ಬ್ಯಾಟರಿ ತೆಗೆದು, ಮಷೀನನ್ನು ಸಿಲಿಕಾ ಜೆಲ್ ಹಾಕಿದ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ತುಂಬಿತೆಂದು ಅರ್ಥ, ಬದಲಾಯಿಸಿ. ನಮ್ಮ ಮನೆಯಲ್ಲಿ ಡಬ್ಬಿ ಇರುವುದು ಒಲೆಯಿಂದ ದೂರ, ದೇವರ ಗೂಡಿನ ಪಕ್ಕ. ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಲು ಹೋಗಬೇಡಿ, ಬಿಸಿಗೆ ಮಷೀನು ಕೆಡುತ್ತದೆ.

ಬೇರೆ ಮಕ್ಕಳಿಗೆ ಬೇರೆ ಪಟ್ಟಿ. ನಡೆಯಲು ಕಷ್ಟವಿದ್ದರೆ ಕ್ಲಾಸು ನೆಲಮಟ್ಟದ ಕೋಣೆಯಲ್ಲಿ ನಡೆಯಲಿ ಎಂದು ಕೇಳಿ. ರ‍್ಯಾಂಪ್ ಕಟ್ಟುವ ತನಕ ಕಾಯಬೇಕಿಲ್ಲ. ರ‍್ಯಾಂಪ್ ಕಟ್ಟುವುದಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು, ಪಕ್ಕಕ್ಕೆ ಹಿಡಿಕೆ ಬೇಕು, ಮೇಲ್ಮೈ ತರಿತರಿಯಾಗಿರಬೇಕು. ನುಣುಪಾಗಿ ಸಿಮೆಂಟ್ ಬಳಿದ ರ‍್ಯಾಂಪ್ ನಮ್ಮ ಮಳೆಗೆ ಒಂದೇ ತಿಂಗಳಲ್ಲಿ ಪಾಚಿ ಕಟ್ಟಿ ಜಾರುಬಂಡೆಯಾಗುತ್ತದೆ. ಕಣ್ಣು ಮಂದವಿದ್ದರೆ ದಪ್ಪ ಅಕ್ಷರದ ಪ್ರಶ್ನೆಪತ್ರಿಕೆ ಕೇಳಿ. ಮೋಡ ಕವಿದು ಕರೆಂಟ್ ಹೋದ ದಿನ ಬೋರ್ಡು ಕಾಣುವುದಿಲ್ಲವಾದ್ದರಿಂದ ಬೋರ್ಡಿನ ಬರಹವನ್ನು ಗೆಳತಿಯ ನೋಟ್ಸಿನಿಂದ ಪಡೆಯುವ ಏರ್ಪಾಡೂ ಇರಲಿ. ಆಟಿಸಂ ಇರುವ ಮಗುವಿಗೆ ಗದ್ದಲ ತಡೆಯದೇ ಹೋದಾಗ ಹೋಗಿ ಕೂರಲು ಒಂದು ಗೊತ್ತಾದ ಜಾಗ. ಅಕ್ಷರ ತಿರುವುಮುರುವಾಗುವ ಮಗುವಿಗೆ ಕೆಲವು ಉತ್ತರ ಬಾಯಲ್ಲಿ ಹೇಳಲು ಅವಕಾಶ.

ಹೋಗಿಬರುವ ದಾರಿಯನ್ನೂ ಪಟ್ಟಿಯಲ್ಲಿ ಸೇರಿಸಿ. ಅಂಗವೈಕಲ್ಯ ಇರುವ ಮಕ್ಕಳಿಗೂ, ಹೆಚ್ಚಿನ ನೆರವು ಬೇಕಾದ ಮಗುವಿನ ಜೊತೆಗೆ ಹೋಗುವವರಿಗೂ ಸಾರಿಗೆ ವ್ಯವಸ್ಥೆ ಮಾಡಬೇಕೆಂದು ಅದೇ 16ನೇ ಸೆಕ್ಷನ್ ಹೇಳುತ್ತದೆ. ಹಳ್ಳ ತುಂಬಿ ಕಾಲುಸಂಕ ಮುಳುಗುವ ಊರಿನ ಮಗುವಿಗೆ ಇದು ಸಣ್ಣ ವಿಷಯವಲ್ಲ. ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆ ಸಮಗ್ರ ಶಿಕ್ಷಣ ಯೋಜನೆಯಲ್ಲಿವೆ. ವಿಶೇಷ ಅಗತ್ಯವುಳ್ಳ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳ ಪ್ರೋತ್ಸಾಹಧನವೂ ಇದೆ.

ಅರ್ಜಿ ಬರೆಯುವುದು

ಒಂದು ಪುಟ ಮೀರಬಾರದು. ಸಿಟ್ಟು, ಕಣ್ಣೀರು ಎರಡೂ ಬೇಡ. ನಾನು ಕೊಟ್ಟಿದ್ದು ಹೆಚ್ಚುಕಡಿಮೆ ಹೀಗಿತ್ತು:

"ಮುಖ್ಯ ಶಿಕ್ಷಕರಿಗೆ. ವಿಷಯ: 5ನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳಿಗೆ ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಸೆಕ್ಷನ್ 16ರಂತೆ ಸೂಕ್ತ ಹೊಂದಾಣಿಕೆ ಮಾಡಿಕೊಡುವ ಬಗ್ಗೆ. ಮಾನ್ಯರೇ, ನನ್ನ ಮಗಳಿಗೆ ಎರಡೂ ಕಿವಿಗಳಲ್ಲಿ ಶ್ರವಣದೋಷವಿದೆ (ಪ್ರಮಾಣಪತ್ರದ ಪ್ರತಿ ಲಗತ್ತಿಸಿದೆ). ಮಳೆ ಬೀಳುವಾಗ ಈಗಿನ ಕೋಣೆಯಲ್ಲಿ ಪಾಠ ಕೇಳಿಸುವುದಿಲ್ಲ. ಮಳೆ ಇದ್ದ ಮತ್ತು ಇಲ್ಲದ ದಿನಗಳ ಅಂಕಗಳನ್ನು ಹಿಂಬದಿಯಲ್ಲಿ ಬರೆದಿದ್ದೇನೆ. ಆದ್ದರಿಂದ ಈ ಮೂರು ಅನುಕೂಲ ಮಾಡಿಕೊಡಲು ಕೋರುತ್ತೇನೆ: ಒಂದು, ಹೆಂಚಿನ ಕೋಣೆಗೆ ತರಗತಿ ಬದಲಾವಣೆ. ಎರಡು, ಮೊದಲ ಸಾಲಿನಲ್ಲಿ ಆಸನ. ಮೂರು, ಮನೆಗೆಲಸವನ್ನು ಬೋರ್ಡಿನ ಮೇಲೆ ಬರೆಯುವುದು. ಈ ಬಗ್ಗೆ 15 ದಿನದೊಳಗೆ ಲಿಖಿತ ಉತ್ತರ ಕೊಡಬೇಕಾಗಿ ವಿನಂತಿ."

ಮೂರೇ ಕೇಳಿದೆ. ಉಳಿದದ್ದನ್ನು ಮುಂದಿನ ಅರ್ಜಿಯಲ್ಲಿ ಕೇಳಿದೆ. ಹತ್ತು ಕೇಳಿದರೆ ಕಷ್ಟದ್ದೊಂದನ್ನು ಹಿಡಿದುಕೊಂಡು ಹತ್ತನ್ನೂ ಬದಿಗಿಡುತ್ತಾರೆ.

ಎರಡು ಪ್ರತಿ ಒಯ್ಯಿರಿ. ನಿಮ್ಮ ಪ್ರತಿಯ ಮೇಲೆ ಸ್ವೀಕರಿಸಿದ ತಾರೀಖು, ಸಹಿ, ಶಾಲೆಯ ಸೀಲು ಹಾಕಿಸಿಕೊಳ್ಳಿ. "ಇಟ್ಟು ಹೋಗಿ, ನೋಡ್ತೀವಿ" ಎಂದರೆ ನಗುನಗುತ್ತಲೇ "ಸಹಿ ಒಂದು ಹಾಕ್ಕೊಡಿ ಸಾರ್, ಫೈಲಿಗೆ ಬೇಕು" ಎನ್ನಿ. ಕೊಡಲೇ ಇಲ್ಲವೆಂದರೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಮಾತುಕತೆಯ ದಿನ

ಒಬ್ಬರೇ ಹೋಗಬೇಡಿ. ಮಗುವಿನ ತಂದೆಯೋ, ವಿಆರ್‌ಡಬ್ಲ್ಯೂ ಅವರೋ, ಅದೇ ಕ್ಲಾಸಿನ ಇನ್ನೊಬ್ಬ ತಾಯಿಯೋ ಜೊತೆಗಿರಲಿ. ಒಬ್ಬರು ಮಾತಾಡಿ, ಒಬ್ಬರು ಬರೆದುಕೊಳ್ಳಿ. ಮನೆಗೆ ಬಂದ ರಾತ್ರಿಯೇ "ಇವತ್ತು ಮಾತಾಡಿದಂತೆ ಸೋಮವಾರದಿಂದ ಕೋಣೆ ಬದಲಾಯಿಸುವುದಾಗಿ ತಿಳಿಸಿದಿರಿ, ಧನ್ಯವಾದ" ಎಂದು ಮುಖ್ಯ ಶಿಕ್ಷಕರಿಗೆ ವಾಟ್ಸಾಪ್ ಮಾಡಿ. ಬಾಯಲ್ಲಿ ಹೇಳಿದ್ದು ಹಾಗೆ ಬರಹಕ್ಕೆ ಬಂದಂತಾಯಿತು.

ಶಿಕ್ಷಕರನ್ನು ಎದುರಾಳಿ ಎಂದುಕೊಂಡು ಹೋಗಬೇಡಿ. ಇಬ್ಬರೇ ಸೇರಿ ಐದು ತರಗತಿ ನಡೆಸುವ ಶಾಲೆಗಳು ನಮ್ಮ ಕಡೆ ಎಷ್ಟಿವೆ. ಆ ಟೀಚರಿಗೂ ಯಾರಾದರೂ ಹೇಳಿಕೊಡಬೇಕು. ನಮ್ಮ ಟೀಚರು ಒಂದು ದಿನ ಮಗಳ ಮಷೀನನ್ನು ತಮ್ಮ ಕಿವಿಯ ಹತ್ತಿರ ಹಿಡಿದು ಮಳೆಯ ಸದ್ದು ಕೇಳಿದರು. "ಇಷ್ಟು ಗದ್ದಲವಾ ಇದರಲ್ಲಿ!" ಎಂದರು. ಅವತ್ತಿನಿಂದ ಅವರೇ ಮುಂದೆ ಬಂದು ನಿಂತು ಪಾಠ ಮಾಡುತ್ತಾರೆ.

ಜೊತೆಗೆ ಯಾರನ್ನು ಕರೆಯಬೇಕು

ಪ್ರತಿ ಬ್ಲಾಕಿಗೂ ಬಿಐಇಆರ್‌ಟಿ ಎಂಬ ವಿಶೇಷ ಸಂಪನ್ಮೂಲ ಶಿಕ್ಷಕರ ಹುದ್ದೆ ಇದೆ. ಬಿಆರ್‌ಸಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ ಸಿಗುತ್ತಾರೆ. ಮಗುವಿನ ವೈಯಕ್ತಿಕ ಶೈಕ್ಷಣಿಕ ಯೋಜನೆ ಮಾಡುವುದು, ವೈದ್ಯಕೀಯ ತಪಾಸಣಾ ಶಿಬಿರಕ್ಕೆ ಹೆಸರು ಸೇರಿಸುವುದು, ಸಾಧನ ಸಲಕರಣೆ ಕೊಡಿಸುವುದು ಅವರ ಕೆಲಸ. ಕೈತುಂಬ ಕೆಲಸವಿರುವವರು, ಆದ್ದರಿಂದ ನೀವೇ ಫೋನ್ ಮಾಡಿ. ಶಿಕ್ಷಣ ಇಲಾಖೆ ವಿದ್ಯಾರ್ಥಿಗಳ ವಿವರ ಇಡುವ ಎಸ್‌ಎಟಿಎಸ್ ಎಂಬ ಆನ್‌ಲೈನ್ ದಾಖಲೆಯಲ್ಲಿ ನಿಮ್ಮ ಮಗುವಿಗೆ ವಿಶೇಷ ಅಗತ್ಯ ಇದೆ ಎಂದು ದಾಖಲಾಗಿದೆಯೇ ಎಂದು ಮುಖ್ಯ ಶಿಕ್ಷಕರಲ್ಲಿ ಕೇಳಿ ಕಣ್ಣಾರೆ ನೋಡಿ. ಅಲ್ಲಿ ಇಲ್ಲದ ಮಗು ಯೋಜನೆಯ ಲೆಕ್ಕಕ್ಕೇ ಸಿಗುವುದಿಲ್ಲ.

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗೆ ತಪ್ಪದೆ ಹೋಗಿ. ಅದು ಪೋಷಕರದೇ ಸಮಿತಿ. ನಿಮ್ಮ ವಿಷಯವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಗ್ರಾಮ ಪಂಚಾಯಿತಿ ತನ್ನ ವರಮಾನದ ಶೇ 5ನ್ನು ವಿಕಲಚೇತನರಿಗೆ ಮೀಸಲಿಡಬೇಕು. ಹಿಡಿಕೆ, ರ‍್ಯಾಂಪ್, ಸಲಕರಣೆಗೆ ಅಲ್ಲಿ ಅರ್ಜಿ ಹಾಕಿ. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಗೆ ಮಗುವನ್ನೇ ಕರೆದುಕೊಂಡು ಹೋಗಿ. ಮಗು ಎದ್ದು ನಿಂತು ಕೇಳಿದ್ದಕ್ಕೆ ಪಂಚಾಯಿತಿಯವರು ಕೊಡುವ ಬೆಲೆಯೇ ಬೇರೆ.

ಉತ್ತರ ಬರದಿದ್ದರೆ

15 ದಿನ ಕಳೆದರೆ ನೆನಪೋಲೆ. ಅದಕ್ಕೂ ಉತ್ತರವಿಲ್ಲದಿದ್ದರೆ ಎಲ್ಲ ಪ್ರತಿಗಳನ್ನೂ ಲಗತ್ತಿಸಿ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಲ್ಲಿಂದ ಶಿವಮೊಗ್ಗದಲ್ಲಿರುವ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ.   ವಿಶೇಷ ಶಿಕ್ಷಕರು ವರ್ಷದಲ್ಲಿ ಎಷ್ಟು ಸಲ ಶಾಲೆಗೆ ಬಂದರು ಎಂದು ತಿಳಿಯಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ.

ಅಲ್ಲಿಗೂ ಆಗದಿದ್ದರೆ ಬೆಂಗಳೂರಿನಲ್ಲಿ ಎರಡು ಬಾಗಿಲುಗಳಿವೆ, ರಾಜ್ಯ ವಿಕಲಚೇತನರ ಆಯುಕ್ತರು ಮತ್ತು ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಮಗುವಿಗೆ ಹೊಡೆತ ಬಿದ್ದಿದ್ದರೆ, ಕಿರುಕುಳವಿದ್ದರೆ ಈ ಮೆಟ್ಟಿಲುಗಳನ್ನೆಲ್ಲ ಹತ್ತುತ್ತ ಕೂರಬೇಡಿ. ಅವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಸಾರ್ವಜನಿಕವಾಗಿ ಬೇಕೆಂದೇ ಅವಮಾನಿಸುವುದು 2016ರ ಕಾಯ್ದೆಯ 92ನೇ ಸೆಕ್ಷನ್ನಿನಂತೆ ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ ಇರುವ ಅಪರಾಧ. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ಸಿಗುತ್ತಾರೆ. ಮಕ್ಕಳಿಗೂ ಅಂಗವೈಕಲ್ಯ ಇರುವವರಿಗೂ ಅದಕ್ಕೆ ಆದಾಯದ ಮಿತಿ ಇಲ್ಲ. ಸಹಾಯವಾಣಿ 15100.

ಎಸ್‌ಎಸ್‌ಎಲ್‌ಸಿಗೆ ಈಗಲೇ ತಯಾರಿ

ಎರಡನೇ, ಮೂರನೇ ಭಾಷೆಯಿಂದ ವಿನಾಯಿತಿ, ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಇವೆಲ್ಲ 2016ರ ಕಾಯ್ದೆಯ 17ನೇ ಸೆಕ್ಷನ್ನಿನಲ್ಲೇ ಇವೆ. ಕೇಂದ್ರದ 2018ರ ಮಾರ್ಗಸೂಚಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚುವರಿ ಸಮಯ ಎನ್ನುತ್ತದೆ. ಪರೀಕ್ಷಾ ಮಂಡಳಿಗೆ ಅರ್ಜಿ ಹೋಗುವುದು ಶಾಲೆಯ ಮೂಲಕ. ಆದ್ದರಿಂದ ಒಂಬತ್ತನೇ ಕ್ಲಾಸಿನಲ್ಲೇ ಮುಖ್ಯ ಶಿಕ್ಷಕರ ಹತ್ತಿರ ಮಾತೆತ್ತಿ, ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಆಗಲೇ ಹೊಸದು ಮಾಡಿಸಿ. ಭಾಷೆಯ ವಿನಾಯಿತಿ ಸಿಗುತ್ತದೆ ಎಂದ ಮಾತ್ರಕ್ಕೆ ತೆಗೆದುಕೊಳ್ಳಲೇಬೇಕೆಂದಿಲ್ಲ. ಮಗು ಮುಂದೆ ಏನು ಓದಬೇಕೆಂದಿದೆ ಎಂದು ಕೇಳಿ ನಿರ್ಧರಿಸಿ. ಬರೆಯುವ ಸಹಾಯಕರ ಜೊತೆ ಕೂತು ಉತ್ತರ ಹೇಳುವುದೂ ಒಂದು ಅಭ್ಯಾಸ. ಕಿರುಪರೀಕ್ಷೆಗಳಲ್ಲೇ ರೂಢಿ ಮಾಡಿಸಿ.

ಪ್ರತಿ ಜೂನ್‌ಗೆ ಒಂದು ಪುಟ

ಮೇಷ್ಟ್ರು ವರ್ಗವಾಗುತ್ತಾರೆ, ಹೊಸಬರು ಬರುತ್ತಾರೆ, ಎಲ್ಲವೂ ಮೊದಲಿನಿಂದ. ಇದಕ್ಕೆ ನಾವು ಕಂಡುಕೊಂಡ ಉಪಾಯ: ಶಾಲೆ ಶುರುವಾದ ಮೊದಲ ವಾರ ಹೊಸ ಶಿಕ್ಷಕರ ಕೈಗೆ ಮಗುವಿನ ಬಗ್ಗೆ ಒಂದು ಪುಟ ಕೊಡುವುದು. ಯಾವುದರಲ್ಲಿ ಚುರುಕು, ಯಾವುದು ಕಷ್ಟ, ಏನು ಮಾಡಿದರೆ ಅನುಕೂಲ, ಮಷೀನು ನಿಂತರೆ ಏನು ಮಾಡಬೇಕು, ನಮ್ಮ ಫೋನ್ ನಂಬರು.

ಈ ವರ್ಷದ ಪುಟವನ್ನು ಮಗಳೇ ಬರೆದಳು. ಗಣಿತ ಇಷ್ಟ, ಕಬಡ್ಡಿಯಲ್ಲಿ ಮಷೀನು ತೆಗೆದಿಡುತ್ತೇನೆ, ಆಗ ಕರೆಯಬೇಕಾದರೆ ಕೈ ಬೀಸಿ ಎಂದೆಲ್ಲ ಇತ್ತು. ಇಷ್ಟು ವರ್ಷ ನಾನು ಬರೆದ ಯಾವ ಪುಟದಲ್ಲೂ ಇಲ್ಲದ ಒಂದು ಸಾಲು ಕೊನೆಯಲ್ಲಿತ್ತು: "ನಾನು ತಲೆಯಾಡಿಸಿದರೆ ಗೊತ್ತಾಯಿತು ಅಂತ ಅಲ್ಲ. ಏನು ಹೇಳಿದೆ ಅಂತ ನನ್ನನ್ನೇ ಒಮ್ಮೆ ಕೇಳಿ."